ಅಕ್ಕ ಬಿಡಿಸಿದ ಎರಡು ರಾಶಿ

ಆಕೆಯ ಕೈಬರಹ ಕೆಟ್ಟದಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೊಗಳಬೇಕಾದ ಜಾಗಗಳು ಬರುತ್ತವೆ, ಆಗ ಇದು ಮರೆತುಹೋದೀತು. ಕೋಳಿ ಕೆದರಿದ ಹಾಗೆ ಬರೆಯುತ್ತಿದ್ದಳು. ಬರೆದದ್ದು ಒಂದೋ ಏಳೋ ಎಂದು ಟೈಪಿಸ್ಟ್ ಎದ್ದು ಬಂದು ಕೇಳಬೇಕಿತ್ತು. ಅಂಥ ಕೈ ಗ್ರಾಫ್ ಕಾಗದದ ಮೇಲೆ ಪೆನ್ಸಿಲ್ ಊರಿದ ಕೂಡಲೇ ಬೇರೆ ಯಾರದೋ ಕೈ ಆಗಿಬಿಡುತ್ತಿತ್ತು. ಇದು ನ್ಯಾಯವಲ್ಲ ಎಂದು ನನಗೆ ಆಗ ಅನಿಸುತ್ತಿತ್ತು, ಈಗಲೂ ಅನಿಸುತ್ತದೆ. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಅದನ್ನು ಯಾರೂ ಯಾವತ್ತೂ ಗೋಡೆಗೆ ತೂಗುಹಾಕಲಿಲ್ಲ.

ಹೋದ ತಿಂಗಳು ಆಕೆ ತೀರಿಕೊಂಡಳು. ಆಫೀಸಿನಲ್ಲಿ ಎಲ್ಲರೂ ಆಕೆಗೆ ಅಕ್ಕ ಅನ್ನುತ್ತಿದ್ದರು. ವಯಸ್ಸಿನಲ್ಲಿ ದೊಡ್ಡವರಾದ ನಮ್ಮ ಸಾಹೇಬರೂ ಹಾಗೇ ಕರೆಯುತ್ತಿದ್ದರು. ನಾನೂ ಇಲ್ಲಿ ಅಕ್ಕ ಅಂತಲೇ ಬರೆಯುತ್ತೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾವಿಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ರಾಯಚೂರಿನ ಆಫೀಸಿಗೆ ಸೇರಿದೆವು. ಜಿಲ್ಲೆಯ ಮಳೆ ಎಷ್ಟು, ಬೆಳೆ ಎಷ್ಟು ಎಂದು ಅಂಕಿಸಂಖ್ಯೆ ಕೂಡಿಸುವ ಆಫೀಸು. ನನ್ನದು ಮಾನ್ವಿಯ ಅಕ್ಕಿ ಗಿರಣಿ ಮನೆತನ. ಅಪ್ಪ ನನ್ನನ್ನು ಕಾರಿನಲ್ಲಿ ಕರೆತಂದು ಆಫೀಸಿನ ಬಾಗಿಲಿಗೆ ಬಿಟ್ಟು, ಸಾಹೇಬರಿಗೆ ನಮಸ್ಕಾರ ಹೇಳಿ ಹೋದರು. ಅಕ್ಕ ದೇವದುರ್ಗ ತಾಲೂಕಿನ ಮಸರಕಲ್ಲಿನವಳು. ತಂದೆ ತಾಯಿ ಕೂಲಿ ಮಾಡುವವರು, ಮನೆಯಲ್ಲಿ ಬುದ್ಧನ ಫೋಟೋ. ಗಣಿತದಲ್ಲಿ ಆಕೆಗೆ ನನಗಿಂತ ಕಡಿಮೆ ಅಂಕ ಬಂದಿದ್ದವು. ಇದನ್ನೂ ಹೇಳಿಬಿಡುತ್ತೇನೆ.

ಆಕೆ ಗಿಣಿಹಸಿರು, ಗುಲಾಬಿ, ನಿಂಬೆಹಳದಿ ಸೀರೆಗಳನ್ನೇ ಉಡುತ್ತಿದ್ದಳು. ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡು ಇಡೀ ಆಫೀಸಿನಲ್ಲಿ ಪೆನ್ಸಿಲ್ ಹುಡುಕುತ್ತಿದ್ದಳು. ಅರ್ಧ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಪರ್ಸಿನಲ್ಲಿಟ್ಟಿರುತ್ತಿದ್ದಳು, ಪೆನ್ಸಿಲ್ ಚೂಪು ಮಾಡಲು ಅದೇ. ಒಂದು ಕಾಲು ಕುರ್ಚಿಯ ಮೇಲೆ ಮಡಚಿ ಕೂತು, ಚುಕ್ಕೆ ಇಡುವ ಮುಂಚೆ ಉಸಿರು ಬಿಗಿ ಹಿಡಿಯುತ್ತಿದ್ದಳು. ಆಗ ಯಾರಾದರೂ ಮಾತಾಡಿಸಿದರೆ ಉತ್ತರವಿಲ್ಲ. ಚುಕ್ಕೆ ಇಟ್ಟು ಉಸಿರು ಬಿಟ್ಟ ಮೇಲೆ, "ಹಾಂ, ಈಗ ಹೇಳ್ರಿ" ಅನ್ನುವಳು. ಮಿರ್ಚಿ ತಿಂದ ಕೈಯಲ್ಲಿ ಗ್ರಾಫ್ ಬಿಡಿಸಿದರೂ ಕಾಗದಕ್ಕೆ ಎಣ್ಣೆ ತಾಗುತ್ತಿರಲಿಲ್ಲ. ಅದು ಹೇಗೆ ಸಾಧ್ಯವೋ ನನಗೆ ಗೊತ್ತಿಲ್ಲ. ನಾನೂ ಪ್ರಯತ್ನಿಸಿ ನೋಡಿದ್ದೇನೆ.

ವಿನಯ ಅನ್ನುವುದು ಆಕೆಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಆಫೀಸಿನ ಗೋಡೆಯ ಮಳೆ ಚಾರ್ಟುಗಳೆಲ್ಲ ಆಕೆ ಬಿಡಿಸಿದವು. ಹೊರಗಿನಿಂದ ಯಾರಾದರೂ ದೊಡ್ಡವರು ಬಂದರೆ ಸಾಕು, ಸೀದಾ ಹೋಗಿ ಚಾರ್ಟಿನ ಮೂಲೆಯ ಪಿನ್ ಸರಿಮಾಡುತ್ತ ನಿಲ್ಲುತ್ತಿದ್ದಳು. ಪಿನ್ನಿಗೆ ಏನೂ ಆಗಿರುತ್ತಿರಲಿಲ್ಲ. ಬಂದವರು "ಇದನ್ನ ಬರದವ್ರು ಯಾರ್ರಿ?" ಎಂದು ಕೇಳುವವರೆಗೂ ಆ ಪಿನ್ನು ಸರಿಯಾಗುತ್ತಿರಲಿಲ್ಲ. ಇದನ್ನು ಇಡೀ ಆಫೀಸಿನಲ್ಲಿ ಗಮನಿಸಿದವಳು ನಾನೊಬ್ಬಳೇ. ಹೊಟ್ಟೆಕಿಚ್ಚಿನವರ ಕಣ್ಣು ಚುರುಕು.

ಕವಿತಾಳದಿಂದ ಬರುವ ಬಸ್ಸಿನ ಕಥೆ ಎಲ್ಲರಿಗೂ ಗೊತ್ತು. ಆ ಬಸ್ಸು ಹೇಳಿದ ಹೊತ್ತಿಗೆ ಬಂದದ್ದು ಯಾರೂ ಕಂಡಿರಲಿಲ್ಲ. ಅಕ್ಕ ಒಂದು ಲಕೋಟೆಯ ಹಿಂಬದಿಯಲ್ಲಿ ದಿನವೂ ಒಂದು ಚುಕ್ಕೆ ಇಡುತ್ತ ಹೋದಳು. ಇಂದು ಇಷ್ಟು ತಡ, ನಾಳೆ ಇಷ್ಟು ತಡ. ಒಂದೇ ಹೊತ್ತಿನ ಚುಕ್ಕೆಗಳು ಒಂದರ ಮೇಲೊಂದು ಕೂತು ಕೆಲವು ವಾರಗಳಲ್ಲಿ ಲಕೋಟೆಯ ಮೇಲೆ ಒಂದು ದಿಬ್ಬ ಎದ್ದಿತು, ಬಲಕ್ಕೆ ಉದ್ದ ಬಾಲ ಬಂತು. ಕಂಡಕ್ಟರ್ ಅದನ್ನು ನೋಡಿ, "ಏನ್ರೀ ಅಕ್ಕಾರ, ನನ್ನ ಜಾತಕ ಬರ್ದೀರೇನು?" ಅಂದನಂತೆ. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಜನ ಬೋರ್ಡ್ ನೋಡುವುದು ಬಿಟ್ಟು ಆಕೆಯನ್ನೇ ಕೇಳತೊಡಗಿದರು. ಇಂಥ ಹೊತ್ತಿಗೆ ಬರುತ್ತದೆ ಅಂತ ಆಕೆ ಯಾವತ್ತೂ ಹೇಳುತ್ತಿರಲಿಲ್ಲ. "ಭಾಳ ಸಲ ಇಷ್ಟೊತ್ತಿಗೆ. ಕೆಟ್ಟ ದಿನ ಆದ್ರ ಕತ್ತಲಿ ಆಗ್ತದ. ಬುತ್ತಿ ತಂದೀರಿಲ್ಲೋ?" ಅನ್ನುವಳು.

ಸರಾಸರಿ ಅಂದರೆ ಆಕೆಗೆ ಆಗುತ್ತಿರಲಿಲ್ಲ. ದಿನವಿಡೀ ಸರಾಸರಿ ತೆಗೆಯುವುದೇ ನಮ್ಮ ಆಫೀಸಿನ ಕೆಲಸ, ಈಕೆಗೆ ಅದೇ ಆಗದು. "ಸರಾಸರಿ ಅನ್ನಾಂವ ಬೀಗರ ಮುಂದ ಕುಂತ ಮನಷ್ಯಾ ಇದ್ದಂಗ. ಚಲೋ ಮಾತಾಡ್ತಾನ, ಖರೇ ಹೇಳೂದಿಲ್ಲ" ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನನಗೆ ಇಂಥ ಮಾತು ಹೊಳೆಯುವುದು ಮನೆಗೆ ಹೋಗಿ ಊಟಕ್ಕೆ ಕೂತಾಗ.

ಎಂಬತ್ತರ ದಶಕದ ಕೊನೆಗೆ ಆಫೀಸಿಗೆ ಕಂಪ್ಯೂಟರ್ ಬಂತು. ಅದಕ್ಕೊಂದು ಕೋಣೆ ಖಾಲಿ ಮಾಡಿಸಿ, ಕಿಟಕಿಗೆ ದಪ್ಪ ಪರದೆ ಹಾಕಿಸಿ, ಬಾಗಿಲ ಹೊರಗೆ ಚಪ್ಪಲಿ ಬಿಡಬೇಕೆಂದು ಚೀಟಿ ಅಂಟಿಸಿದರು. ತೆಂಗಿನಕಾಯಿಯನ್ನು ಮಾತ್ರ ಅಂಗಳದಲ್ಲಿ ಒಡೆದರು, ನೀರು ಸಿಡಿದೀತೆಂದು. ಪ್ರೋಗ್ರಾಮ್ ಬರೆಯುವ ತರಬೇತಿಗೆ ಬೆಂಗಳೂರಿಗೆ ಹೋಗಿ ಬಂದವಳು ನಾನು. ಆಫೀಸಿಗೆ ನಾನೊಬ್ಬಳೇ. ಬಂದು ಹಗಲು ರಾತ್ರಿ ಕೂತು ಒಂದು ಪ್ರೋಗ್ರಾಮ್ ಬರೆದೆ. ಅದರ ಕೆಲಸ ಸರಳ: ತಾಲೂಕಿನಿಂದ ಬಂದ ಊರೂರಿನ ಬೆಳೆ ಲೆಕ್ಕವನ್ನು ಮೊದಲು ಊರಿನ ನಂಬರ್ ಪ್ರಕಾರ ಸಾಲಾಗಿ ನಿಲ್ಲಿಸುವುದು, ಆಮೇಲೆ ಕೂಡಿಸುವುದು, ಕೊನೆಗೆ ಅಚ್ಚು ಹಾಕುವುದು. ನಾಲ್ಕು ಮಂದಿ ವಾರಗಟ್ಟಲೆ ಮಾಡುವ ಕೆಲಸ.

ಸಾಹೇಬರು ಎಲ್ಲರೆದುರು ಹೇಳಿದರು: "ಬೆಂಗಳೂರಿಂದ ಒಬ್ಬರು ದೊಡ್ಡ ಅಧಿಕಾರಿ ನೋಡಾಕ ಬರ್ತಾರ. ಅವರು ಹೂಂ ಅಂದ್ರ ಈ ಪ್ರೋಗ್ರಾಮು ಎಲ್ಲಾ ತಾಲೂಕಿಗೂ ನಡೀತದ. ಈ ಕೋಣಿಗೆ ಒಬ್ಬರನ್ನ ಇನ್‌ಚಾರ್ಜ್ ಮಾಡ್ತಾರ." ಎಲ್ಲರೂ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ, ಆದರೆ ಒಳಗೊಳಗೇ ಆ ಕೋಣೆಯಲ್ಲಿ ಕುರ್ಚಿ ಯಾವ ಕಡೆಗೆ ಹಾಕಬೇಕು ಎಂದು ಯೋಚಿಸುತ್ತಿದ್ದೆ. ಆ ಕುರ್ಚಿ ನನಗೆ ಬೇಕಿತ್ತು. ಗಿರಣಿ ಮನೆಯ ಹುಡುಗಿ ಮದುವೆಯವರೆಗೆ ಹೊತ್ತು ಕಳೆಯಲು ನೌಕರಿ ಮಾಡುತ್ತಾಳೆ ಎಂದುಕೊಂಡವರಿಗೆಲ್ಲ ಅದರಲ್ಲಿ ಕೂತು ತೋರಿಸಬೇಕಿತ್ತು.

ಅಧಿಕಾರಿ ಬರುವ ಮುಂಚೆ ಪ್ರೋಗ್ರಾಮನ್ನು ಮತ್ತೆ ಮತ್ತೆ ಓಡಿಸಿ, ಪ್ರತಿ ಸಲ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಬೇಕಿತ್ತು. ಪರೀಕ್ಷೆಗೆ ಮಾನ್ವಿ, ದೇವದುರ್ಗ ಎರಡೇ ತಾಲೂಕು ಆರಿಸಿದೆವು, ಎರಡೂ ಕಡೆಯಿಂದ ಸರಿಸಮ ಊರುಗಳು. ಹಳೆಯ ಹಂಗಾಮುಗಳ ಕಾಗದದ ಗಂಟುಗಳನ್ನು ತರಿಸಿ, ಟೈಪಿಸ್ಟ್ ಒಂದೊಂದೇ ಹಾಳೆಯನ್ನು ಮೇಲಿನಿಂದ ತೆಗೆದು ಯಂತ್ರಕ್ಕೆ ತುಂಬಿದಳು. ಗಡಿಯಾರ ಹಿಡಿದು ಹೊತ್ತು ನೋಡುವ ಕೆಲಸ ನನ್ನದು. ಬಂದವರಿಗೆ ತೋರಿಸಲು ಗೋಡೆಗೊಂದು ಚಿತ್ರ ಬೇಕೆಂದು ಸಾಹೇಬರು ಅಕ್ಕನಿಗೆ ಹೇಳಿದರು. ನಾನು ಬೇಡ ಅನ್ನಲಿಲ್ಲ. ಚಿತ್ರವೇ ತಾನೆ, ಬಿಡಿಸಿಕೊಳ್ಳಲಿ ಅಂದುಕೊಂಡೆ.

ಒಂದು ಮಧ್ಯಾಹ್ನ ಅಕ್ಕ ಬಾಗಿಲಲ್ಲಿ ಚಪ್ಪಲಿ ಬಿಡುವುದನ್ನೂ ಮರೆತು ಗ್ರಾಫ್ ಹಾಳೆ ಹಿಡಿದು ಒಳಗೆ ಬಂದಳು.

"ಬಾ ಬೇ ಇಲ್ಲಿ. ನಿನ್ನ ಪ್ರೋಗ್ರಾಮಿಗೆ ಎಷ್ಟೊತ್ತು ಬೇಕು ಅಂತೀ?"

"ಅರ್ಧ ತಾಸು. ಸರಾಸರಿ ತಗದೀನಲ್ಲ ಅಕ್ಕಾ."

"ಅರ್ಧ ತಾಸಿನ ಮ್ಯಾಲ ಒಂದರ ಚುಕ್ಕಿ ತೋರ್ಸು ನೋಡೋಣು."

ನೋಡಿದೆ. ಬಸ್ಸಿಗೆ ಮಾಡಿದ ಹಾಗೆಯೇ ಪ್ರತಿ ಓಟಕ್ಕೂ ಒಂದು ಚುಕ್ಕೆ ಇಟ್ಟು, ಒಂದೇ ಹೊತ್ತಿನವನ್ನು ಒಂದರ ಮೇಲೊಂದು ಪೇರಿಸಿದ್ದಳು. ಕಾಲು ತಾಸಿನ ಹತ್ತಿರ ಒಂದು ದಿಬ್ಬ. ಮುಕ್ಕಾಲು ತಾಸಿನ ಹತ್ತಿರ ಇನ್ನೊಂದು. ನಾನು ಹೆಮ್ಮೆಯಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದ ಅರ್ಧ ತಾಸಿನ ಜಾಗದಲ್ಲಿ ಒಂದೇ ಒಂದು ಚುಕ್ಕೆ ಇರಲಿಲ್ಲ.

"ಎರಡು ರಾಶಿ ಬಿದ್ದಾವ. ನಡುವ ಬರೇ ಬಯಲು. ನಿನ್ನ ಸರಾಸರಿ ಆ ಬಯಲಾಗ ಒಬ್ಬನ ನಿಂತಾನ" ಅಂದಳು. ಆಕೆಯ ದನಿಯಲ್ಲಿದ್ದದ್ದು ಖುಷಿ. ಹೊಸದೇನೋ ಸಿಕ್ಕ ಖುಷಿ, ನನ್ನನ್ನು ಕೆಳಗೆ ಹಾಕಿದ ಖುಷಿಯಲ್ಲ. ಅದು ನನಗೆ ಆಗಲೂ ಗೊತ್ತಿತ್ತು, ಆದರೂ ಮೈಯೆಲ್ಲ ಉರಿಯಿತು.

ಸಾಹೇಬರು ನೋಡಿ ತಪ್ಪನ್ನು ಬಿಸಿಲಿನ ಮೇಲೆ ಹಾಕಿದರು. ರಾಯಚೂರಿನಲ್ಲಿ ಏನು ಕೆಟ್ಟರೂ ಬಿಸಿಲಿನ ಮೇಲೆ ಹಾಕಬಹುದು, ಅದು ತಿರುಗಿ ಮಾತಾಡುವುದಿಲ್ಲ. ಮುಂಜಾನೆ ಯಂತ್ರ ಚುರುಕು, ಮಧ್ಯಾಹ್ನ ಕಾದು ಬಳಲುತ್ತದೆ ಅಂದರು. ನನಗೂ ಅದೇ ಬೇಕಿತ್ತು, ಪ್ರೋಗ್ರಾಮಿನ ಮೇಲೆ ತಪ್ಪು ಬರುವುದಿಲ್ಲವಲ್ಲ. ಕೋಣೆಗೆ ಕೂಲರ್ ಬಂತು. ರಾಶಿ ಎರಡೇ ಉಳಿದವು.

ಅಕ್ಕ ಎರಡು ದಿನ ಬಾಗಿಲ ಹತ್ತಿರ ಕೂತು ನನ್ನ ಕೆಲಸ ನೋಡಿದಳು. ಆಮೇಲೆ ಕೇಳಿದಳು, "ದಿನಾ ಮುಂಜಾನಿ ಮಾನ್ವಿ ಗಂಟು ಹಾಕ್ತಿ, ಮಧ್ಯಾಹ್ನ ದೇವದುರ್ಗದ್ದು. ಯಾಕ?"

"ಮಾನ್ವಿದು ಮ್ಯಾಲಿನ ಖಾನಿಯಾಗ ಅದ, ಕೈಗೆ ಮೊದಲ ಸಿಗ್ತದ."

"ನಾಳಿ ತಿರುವುಮುರುವು ಮಾಡು."

ಮಾಡಿದೆ. ತಂಪು ಮುಂಜಾನೆಯಲ್ಲೂ ದೇವದುರ್ಗ ಮುಕ್ಕಾಲು ತಾಸೇ ತಿಂದಿತು. ಸುಡು ಮಧ್ಯಾಹ್ನದಲ್ಲೂ ಮಾನ್ವಿ ಕಾಲು ತಾಸಿಗೆ ಮುಗಿಯಿತು. ಅಕ್ಕ ಚುಕ್ಕೆಗಳಿಗೆ ಬಣ್ಣ ಹಚ್ಚಿದಳು, ಮಾನ್ವಿಗೆ ನೀಲಿ, ದೇವದುರ್ಗಕ್ಕೆ ಕೆಂಪು. ಒಂದು ರಾಶಿ ಪೂರ್ತಿ ನೀಲಿ ಆಯಿತು, ಇನ್ನೊಂದು ಪೂರ್ತಿ ಕೆಂಪು. ಬಿಸಿಲು ಪಾರಾಯಿತು. ಈಗ ತಪ್ಪು ಹೊರಲು ಉಳಿದವರು ಇಬ್ಬರೇ, ದೇವದುರ್ಗ ಮತ್ತು ನಾನು.

"ನಡಿ, ನಮ್ಮ ಊರ ಕಡೆ ಹೋಗಿ ಬರೋಣು" ಅಂದಳು ಅಕ್ಕ. ಬಸ್ಸು ಹತ್ತಿದೆವು. ಅಧಿಕಾರಿ ಬರುವುದರೊಳಗೆ ಕಾರಣ ಸಿಗದಿದ್ದರೆ ಕುರ್ಚಿಯ ಆಸೆ ಬಿಡಬೇಕು ಎಂದು ನಾನು ದಾರಿಯುದ್ದಕ್ಕೂ ಅಂದುಕೊಳ್ಳುತ್ತಿದ್ದೆ. ಅಕ್ಕ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು.

ದೇವದುರ್ಗದ ಕಚೇರಿಯಲ್ಲಿ ನಿವೃತ್ತಿಗೆ ಹತ್ತಿರವಾದ ಒಬ್ಬ ಗುಮಾಸ್ತರಿದ್ದರು. ಊರಿನ ಲೆಕ್ಕದ ಕಾಗದಗಳನ್ನು ತೆಗೆದುಕೊಂಡು ಗಂಟು ಕಟ್ಟಿ ನಮಗೆ ಕಳಿಸುವವರು ಅವರೇ. "ಬರ್ರಿ ಯವ್ವಾ, ಬರ್ರಿ, ಕುಂದರ್ರಿ" ಎಂದು ಕುರ್ಚಿ ಎಳೆದು, ಚಹಾ ತರಿಸಿ, ತಮ್ಮ ಕೆಲಸ ಮುಂದುವರಿಸಿದರು. ಆ ದಿನವೂ ಊರುಗಳ ಕಾಗದ ತೆಗೆದುಕೊಳ್ಳುತ್ತಿದ್ದರು. ನಂಬರ್ ಪ್ರಕಾರ ಒಂದೊಂದು ಊರಿನವರನ್ನು ಕೂಗಿ ಕರೆಯುವುದು, ಕಾಗದ ತೆಗೆದುಕೊಳ್ಳುವುದು, ಹಿಂದಿನದರ ಮೇಲೆ ಇಡುವುದು. ಮೊದಲ ಊರು ತಳಕ್ಕೆ ಹೋಯಿತು, ಕೊನೆಯ ಊರು ಮೇಲೆ ಬಂತು. ಆಮೇಲೆ ಹಾಗೇ ದಾರ ಹಾಕಿ ಬಿಗಿದರು.

ನಾನು ಚಹಾದ ಲೋಟ ಕೆಳಗಿಟ್ಟೆ. "ಕಾಕಾ, ಕಟ್ಟೋಕಿಂತ ಮೊದಲ ಮಗುಚಿ ಹಾಕೂದಿಲ್ಲೇನ್ರಿ?"

"ಮಗುಚೂದಾ?" ಅವರು ಕನ್ನಡಕ ಮೇಲೆತ್ತಿದರು. "ಛೇ ಛೇ, ಮೊದಲ ಬಂದಾಂವ ಬುಡಕ ಇರಬೇಕು ಯವ್ವಾ. ನಂಗ ಕೆಲಸಾ ಕಲಿಸಿದ ಹಳೇ ಮುನ್ಷಿ ಹಂಗ ಕಲಿಸ್ಯಾರ. ಗಂಟು ಮಾರಿ ಕೆಳಗ ಮಾಡಿ ಮಲಗಬಾರದು ಅಂತಿದ್ರು."

ಮಾನ್ವಿಯವರು ಕಟ್ಟುವ ಮುಂಚೆ ಇಡೀ ಗಂಟನ್ನು ಮಗುಚುತ್ತಾರೆ, ಮೊದಲ ಊರು ಮೊದಲು ಕಾಣಲಿ ಎಂದು. ಅದನ್ನು ನಾನು ಚಿಕ್ಕಂದಿನಿಂದ ನಮ್ಮೂರಿನ ಕಚೇರಿಯಲ್ಲಿ ನೋಡಿದ್ದೆ. ಎಲ್ಲ ಕಡೆಯೂ ಹಾಗೇ ಮಾಡುತ್ತಾರೆ ಅಂದುಕೊಂಡಿದ್ದೆ, ಪ್ರೋಗ್ರಾಮನ್ನೂ ಹಾಗೇ ಅಂದುಕೊಂಡು ಬರೆದಿದ್ದೆ. ಮಾನ್ವಿಯ ಊರುಗಳು ಸಾಲಾಗಿಯೇ ಬರುತ್ತಿದ್ದವು, ನನ್ನ ಪ್ರೋಗ್ರಾಮಿಗೆ ಸರಿಸುವ ಕೆಲಸವೇ ಇರಲಿಲ್ಲ. ದೇವದುರ್ಗದವು ತಲೆಕೆಳಗಾಗಿ ಬರುತ್ತಿದ್ದವು. ಊಟದ ಪಂಕ್ತಿಯಲ್ಲಿ ಮೊದಲ ಎಲೆಗೆ ಕೂರಬೇಕಾದವರೇ ಕೊನೆಗೆ ಬಂದರೆ ಪ್ರತಿ ಸಲವೂ ಕೂತವರೆಲ್ಲ ಎದ್ದು ಒಂದೊಂದು ಎಲೆ ಸರಿಯಬೇಕಲ್ಲ, ಅದೇ ಗತಿ. ಯಂತ್ರ ಮುಕ್ಕಾಲು ತಾಸು ಅದನ್ನೇ ಮಾಡುತ್ತಿತ್ತು.

ವಾಪಸು ಬರುವಾಗ ನನಗೆ ತಡೆಯಲಾಗಲಿಲ್ಲ. "ಕಾರಣ ನಾ ಹಿಡದೆ ನೋಡು ಅಕ್ಕಾ" ಅಂದೆ.

"ಹೂಂ, ಹಿಡದಿ" ಅಂದಳು. ಕಿಟಕಿಯಿಂದ ನನ್ನ ಕಡೆ ತಿರುಗಿ, "ಹುಡುಕಾಕ ಯಾಕ ಬಂದಿದ್ದಿ?" ಅಂದಳು.

ಆ ಎರಡು ರಾಶಿ ಕಾಣದೇ ಇದ್ದಿದ್ದರೆ ನಾನು ಅರ್ಧ ತಾಸು ಅಂತಲೇ ಜೀವನಪೂರ್ತಿ ಹೇಳುತ್ತಿದ್ದೆ.

ಪ್ರೋಗ್ರಾಮ್ ತಿದ್ದಿದೆ. ಗಂಟು ತಲೆಕೆಳಗಿದ್ದರೆ ಮೊದಲೇ ಗುರುತಿಸಿ ಬುಡದಿಂದ ಓದುವ ಹಾಗೆ ಮಾಡಿದೆ. ದೇವದುರ್ಗದ ಕಾಕಾ ತಮ್ಮ ಪದ್ಧತಿ ಬಿಡುವ ಅಗತ್ಯ ಉಳಿಯಲಿಲ್ಲ. ಮತ್ತೆ ಓಡಿಸಿದೆವು. ಅಕ್ಕ ಎರಡನೆಯ ಗ್ರಾಫ್ ಬಿಡಿಸಿದಳು. ಈ ಸಲ ಒಂದೇ ರಾಶಿ, ಕಾಲು ತಾಸಿನ ಮೇಲೆ, ಕೆಂಪೂ ನೀಲಿಯೂ ಕಲೆತು. ಇಷ್ಟು ಚೆಂದದ ವಸ್ತು ನಾನು ಕಂಡಿರಲಿಲ್ಲ. ಇದೊಂದನ್ನೇ ಗೋಡೆಗೆ ಹಾಕೋಣ ಅಂದೆ.

"ಎರಡೂ ಹಾಕ್ತೀನಿ" ಅಂದಳು.

"ಬ್ಯಾಡ ಅಕ್ಕಾ. ಮೊದಲಿಂದು ನೋಡಿದ್ರ ನನ್ನ ಪ್ರೋಗ್ರಾಮು ಕೆಟ್ಟಿತ್ತು ಅಂತಾರ. ನನ್ನ ಮರ್ಯಾದಿ ಪ್ರಶ್ನೆ ಇದು."

"ಮೊದಲಿಂದು ಇಲ್ಲಂದ್ರ ಎರಡನೇದು ಬರೇ ಚುಕ್ಕಿ. ನಿನ್ನ ಮರ್ಯಾದಿ ನಿಂದು, ನನ್ನ ಕೆಲಸಾ ನಂದು, ಬೇ."

ಜಗಳವೇ ಆಯಿತು. ಟೈಪಿಸ್ಟ್ ಟೈಪ್ ಮಾಡುವುದು ನಿಲ್ಲಿಸಿದಳು. ಕೊನೆಗೆ ಎರಡೂ ಗೋಡೆಗೆ ಏರಿದವು, ಪಕ್ಕಪಕ್ಕ.

ಬೆಂಗಳೂರಿನ ಅಧಿಕಾರಿ ಬಂದರು. ನಾನು ಪ್ರೋಗ್ರಾಮ್ ಓಡಿಸಿದೆ, ಯಂತ್ರ ಕರಕರ ಸದ್ದು ಮಾಡುತ್ತ ಹಾಳೆ ಉಗುಳಿತು, ಒಂದು ಅಂಕಿ ತಪ್ಪಿಲ್ಲ. ಅವರು ಆ ಹಾಳೆ ಕೈಗೆ ತೆಗೆದುಕೊಂಡರು, ಆದರೆ ಓದಲಿಲ್ಲ. ಬೆನ್ನು ನನ್ನ ಕಡೆ, ಮುಖ ಗೋಡೆಯ ಕಡೆ. ಒಂದು ಗ್ರಾಫಿನಿಂದ ಇನ್ನೊಂದಕ್ಕೆ, ಮತ್ತೆ ಮೊದಲಿನದಕ್ಕೆ. ಅಕ್ಕ ಆಗಲೇ ಪಿನ್ ಸರಿಮಾಡುತ್ತ ನಿಂತಿದ್ದಳು.

"ಇದನ್ನ ಮಾಡಿದ್ದು ಯಾರು?" ಅಂದರು. ಪಿನ್ನು ಸರಿಯಾಯಿತು, "ನಾನ್ರಿ" ಅಂದಳು ಅಕ್ಕ.

ಗಂಟು ತಲೆಕೆಳಗಿದ್ದ ಕಥೆಯನ್ನು ನಾನು ಹೇಳಿದೆ. ಪೂರ್ತಿ ಕೇಳಿದರು, ತಲೆಯಾಡಿಸಿದರು, ಕಣ್ಣು ಮಾತ್ರ ಗೋಡೆಯಿಂದ ತೆಗೆಯಲಿಲ್ಲ. "ಎಲ್ಲ ಆಫೀಸಿನವರೂ ನನಗೆ ಕೊನೆಯ ಚಿತ್ರ ಒಂದೇ ತೋರಿಸ್ತಾರೆ. ಮೊದಲನೇದನ್ನ ಬಚ್ಚಿಡ್ತಾರೆ" ಅಂದರು. ನಾನು ಅಕ್ಕನ ಕಡೆ ನೋಡಲಿಲ್ಲ.

ಪ್ರೋಗ್ರಾಮ್ ಪಾಸಾಯಿತು. ಎಲ್ಲ ತಾಲೂಕುಗಳಿಗೂ ಅದೇ ಎಂದು ಆರ್ಡರ್ ಬಂತು. ಅದೇ ಆರ್ಡರಿನ ಕೆಳಗಿನ ಸಾಲಿನಲ್ಲಿ ಕಂಪ್ಯೂಟರ್ ಕೋಣೆಯ ಇನ್‌ಚಾರ್ಜ್ ಎಂದು ಅಕ್ಕನ ಹೆಸರಿತ್ತು.

ಒಲ್ಲೆ ಅನ್ನುತ್ತಾಳೆ ಅಂತ ಕೆಲವರು ಕಾದರು. ನಾನೂ ಕಾದೆ, ಸುಳ್ಳು ಯಾಕೆ ಹೇಳಲಿ. ಪ್ರೋಗ್ರಾಮ್ ಬರೆದವಳಿಗೇ ಕೊಡಿ ಎಂದು ಒಂದು ಮಾತು ಅಂದಾಳು ಅಂದುಕೊಂಡೆ. ಸಾಹೇಬರೇ ಮೆಲ್ಲಗೆ ಕೇಳಿದರಂತೆ. "ಕೊಟ್ಟದ್ದು ಒಲ್ಲೆ ಅನ್ನಾಕ ನಾ ಏನು ಸನ್ಯಾಸಿ ಆಗೀನೇನ್ರಿ?" ಅಂದಳಂತೆ. ಮರುದಿನ ಹೊಸ ನಿಂಬೆಹಳದಿ ಸೀರೆ ಉಟ್ಟು ಬಂದು ಆ ಕುರ್ಚಿಯಲ್ಲಿ ಕೂತಳು, ಒಂದು ಕಾಲು ಮಡಚಿ. ಹಾರ ಹಾಕಿದರು. ಹಾರ ಹಾಕಿದವರೆಲ್ಲ ಹೊರಗೆ ಬಂದು ಒಂದೇ ಮಾತು ಅಂದರು: "ಪಾಪ, ಕೂಲಿಯವ್ರ ಮಗಳು, ಎಷ್ಟ ಮುಂದ ಬಂದ್ಲು ನೋಡ್ರಿ."

ನಾನು ಹಾರ ಹಾಕಲಿಲ್ಲ. ಮಾತೂ ಬಿಟ್ಟೆ. ನನ್ನ ಪ್ರೋಗ್ರಾಮ್ ಆಕೆಯ ಕೋಣೆಯಲ್ಲಿ ಓಡುತ್ತಿತ್ತು, ನಾನು ಹೊರಗಿನ ಮೇಜಿನಲ್ಲಿ ಬೆನ್ನು ತಿರುಗಿಸಿ ಕೂತಿರುತ್ತಿದ್ದೆ. ಆಕೆ ಏನಾದರೂ ಕೇಳಿದರೆ ಟೈಪಿಸ್ಟಿಗೆ ಹೇಳಿ ಉತ್ತರ ಕಳಿಸುತ್ತಿದ್ದೆ. ಹೀಗೇ ಒಂದು ಮಳೆಗಾಲ ಕಳೆಯಿತು.

ಒಂದು ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಬಂಡಿಯ ಮುಂದೆ ಆಕೆ ನನ್ನ ಕೈ ಹಿಡಿದು ನಿಲ್ಲಿಸಿದಳು. ಕಾಗದದಲ್ಲಿ ಮಿರ್ಚಿ ಕಟ್ಟಿಸಿ ನನ್ನ ಕೈಗಿಟ್ಟಳು.

"ಇನ್ನ ಎಷ್ಟ ದಿನಾ ಸಿಟ್ಟು?"

"ಸಿಟ್ಟಲ್ಲ" ಅಂದೆ. "ಹೊಟ್ಟಿಕಿಚ್ಚು, ಅಕ್ಕಾ. ಆ ಕುರ್ಚಿ ನಂದಿತ್ತು. ಪ್ರೋಗ್ರಾಮು ನಾ ಬರದೆ, ಕಾರಣಾ ನಾ ಹಿಡದೆ, ಕುರ್ಚಿ ನಿಂಗ ಸಿಕ್ತು. ನಿನ್ನ ನೋಡಿದ್ರ ಹೊಟ್ಟಿ ಉರೀತದ. ನಾ ಏನು ಮಾಡ್ಲಿ?"

ಸಮಾಧಾನ ಹೇಳುತ್ತಾಳೆ ಅಂದುಕೊಂಡೆ. ಆಕೆ ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡಳು.

"ಖರೇ?"

"ಖರೇ."

"ಸಣ್ಣಾಕಿ ಇದ್ದಾಗಿಂದ ಕೇಳಾಕತ್ತೀನಿ ತಂಗಿ. ಸಾಲಿಗೆ ಹೋದ್ರ ಪಾಪ ಅಂದ್ರು, ಪಾಸಾದ್ರ ಪಾಪ ಅಂದ್ರು, ಮೊನ್ನಿ ಹಾರ ಹಾಕಿ ಪಾಪ ಅಂದ್ರು. ನನ್ನ ಬೆನ್ನ ಚಪ್ಪರಿಸಿದೋರು ಭಾಳ ಮಂದಿ ಅದಾರ. ನನ್ನ ನೋಡಿ ಹೊಟ್ಟಿ ಉರಕೊಂಡೋರು ಒಬ್ಬರೂ ಇದ್ದಿಲ್ಲ." ಮೂಗು ಏರಿಸಿಕೊಂಡಳು. "ನೀ ಒಬ್ಬಾಕಿ ಸಿಕ್ಕಿ. ಬಿಡಬ್ಯಾಡ ಬೇ."

ಮಿರ್ಚಿ ಆರಿಹೋಗಿದ್ದವು, ಆದರೂ ಇಬ್ಬರೂ ನಿಂತು ತಿಂದೆವು. ಮರುದಿನದಿಂದ ಮಾತಾಡತೊಡಗಿದೆ. ಹೊಟ್ಟೆಕಿಚ್ಚು ಬಿಡಲಿಲ್ಲ, ಆಕೆಯೂ ಬಿಡಗೊಡಲಿಲ್ಲ. ಹೊಸ ಗ್ರಾಫ್ ಬಿಡಿಸಿದಾಗಲೆಲ್ಲ ಮೊದಲು ನನ್ನ ಮೇಜಿಗೆ ತಂದು ಹರವಿ, "ಹೆಂಗಾಗ್ಯದ? ಉರೀತದಿಲ್ಲೋ?" ಅನ್ನುತ್ತಿದ್ದಳು. ಉರಿಯುತ್ತಿತ್ತು.

ಹೋದ ವಾರ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಹಳೆಯವರು ಬಂದಿದ್ದರು, ಆಕೆಯನ್ನು ಕಾಣದ ಹೊಸಬರೂ ಬಂದಿದ್ದರು. ಎದ್ದು ನಿಂತವರೆಲ್ಲ ಮಸರಕಲ್ಲಿನಿಂದ ಶುರು ಮಾಡಿದರು, ಎಂಥ ಬಡತನ, ಎಂಥ ಕಷ್ಟ, ಪಾಪ, ಅಂದರು. ಗ್ರಾಫಿನ ಮಾತು ಒಬ್ಬರೂ ಎತ್ತಲಿಲ್ಲ. ಕೊನೆಗೆ ನನ್ನನ್ನು ಎರಡು ಮಾತಾಡಿ ಅಂದರು.

"ಈಕೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು" ಅಂದೆ. "ಆಗ ಇತ್ತು. ಈಗಲೂ ಇದೆ. ನಾನು ಇನ್ನೂ ನೂರು ವರ್ಷ ಕೂತರೂ ಆಕೆ ಇಟ್ಟ ಹಾಗೆ ಒಂದು ಚುಕ್ಕೆ ಇಡಲಾರೆ."

ಅಷ್ಟು ಹೇಳಿ ಕೂತುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಬೆನ್ನು ಸವರಿ, ಆಚೆಯವರಿಗೆ ಮೆಲ್ಲಗೆ ಹೇಳಿದಳು, "ಪಾಪ, ದುಃಖದಾಗ ಏನೇನೋ ಮಾತಾಡಾಕತ್ತಾರ."

ಆ ಒಂದು ಮಾತು ಅಷ್ಟು ಚುಚ್ಚುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.